ವಾಪಸ್ಸಮ್ಮನ ಹನ್ನೆರಡನೇ ನಿಯಮ

ನಮ್ಮ ಗೋದಾಮಿಗೆ ಸರಕು ತರುವ ಡ್ರೈವರುಗಳು ಆಕೆಗೆ ಇಟ್ಟ ಹೆಸರು ವಾಪಸ್ಸಮ್ಮ. ಪೆಟ್ಟಿಗೆಯ ಮೂಲೆ ನಜ್ಜುಗುಜ್ಜಾಗಿದ್ದರೆ ವಾಪಸ್. ಚೀಟಿಯಲ್ಲಿ ಹತ್ತು ಅಂತ ಬರೆದು ಲಾರಿಯಲ್ಲಿ ಒಂಬತ್ತು ತಂದಿದ್ದರೆ ವಾಪಸ್. ಬೆಳಿಗ್ಗೆ ಎಂಟಕ್ಕೆ ಬರಬೇಕಾದವನು ಹನ್ನೊಂದಕ್ಕೆ ಆಕಳಿಸುತ್ತ ಬಂದರೆ ಇಡೀ ಲಾರಿಯೇ ವಾಪಸ್. ನಾನು ಗೇಟಿನವನು. ಹದಿನಾರು ವರ್ಷದಿಂದ ಅದೇ ಗೇಟು, ಅದೇ ಕಬ್ಬಿಣದ ಕುರ್ಚಿ, ಅದೇ ಬೀಗದ ಕೈಗೊಂಚಲು. ವಾಪಸ್ ಎಂದು ಮಹಡಿಯಿಂದ ಹೇಳುವುದು ಆಕೆ, ಲಾರಿ ತಿರುಗಿಸಿ ಬೈಗುಳ ತಿನ್ನುವವನು ನಾನು. ಬೈಯುವವನಿಗೂ ಮೆಟ್ಟಿಲು ಹತ್ತುವ ವ್ಯವಧಾನ ಇರುವುದಿಲ್ಲ ನೋಡಿ, ಕೈಗೆ ಸಿಕ್ಕವನಿಗೆ ಬೈದು ಹೋಗುತ್ತಾನೆ.

ಆಕೆ ಗಟ್ಟಿಗಿತ್ತಿ, ಯಾರಿಗೂ ಸೊಪ್ಪು ಹಾಕುವವಳಲ್ಲ ಎಂದು ಊರೆಲ್ಲ ನಂಬಿದೆ. ಶುದ್ಧ ಸುಳ್ಳು. ನಾನು ಕಂಡ ಹಾಗೆ ಆಕೆಯಷ್ಟು ಪುಕ್ಕಲು ಹೆಂಗಸು ಇನ್ನೊಬ್ಬಳಿಲ್ಲ. ಮನೆಗೆ ಬೀಗ ಹಾಕಿ ಬೀದಿಯ ತುದಿ ಮುಟ್ಟಿದ ಮೇಲೆ, ಒಲೆ ಆರಿಸಿದೆನೋ ಇಲ್ಲವೋ ಎಂದು ತಿರುಗಿ ಓಡುವ ಜಾತಿ. ತಲೆನೋವಿನ ಮಾತ್ರೆ ನುಂಗುವ ಮೊದಲು ಅದರ ಜೊತೆಗಿರುವ ಇರುವೆಕಾಲಿನ ಅಕ್ಷರದ ಕಾಗದವನ್ನು ಎರಡೂ ಬದಿ ಓದುತ್ತಾಳೆ, ಅಷ್ಟರಲ್ಲಿ ತಲೆನೋವೇ ಬೇಜಾರಾಗಿ ಹೋಗಿರುತ್ತದೆ. ಅವಳ ಗಂಡ ನಮ್ಮಲ್ಲೇ ಸರಕಿನ ಕೈಗಾಡಿ ಎಳೆಯುವವನು, ಎಲ್ಲರ ಬಾಯಲ್ಲೂ ಗಾಡಿಯಣ್ಣ. ಅವನಿಗೆ ಹೆಂಡತಿಯನ್ನು ಕಾಡಿಸದಿದ್ದರೆ ತಿಂದ ಅನ್ನ ಅರಗುತ್ತಿರಲಿಲ್ಲ. "ಹೆಣ್ಣು ನೋಡೋಕೆ ಹೋದಾಗ ನನ್ನ ಬೆನ್ನ ಹಿಂದೇನೂ ಒಂದು ಸುತ್ತು ಬಂದ್ಲು ಮಾರಾಯ. ಎಲ್ಲಾದ್ರೂ ತೂಕ, ತಯಾರಾದ ತಾರೀಕು ಬರೆದಿದೆಯಾ ಅಂತ!" ಎಂದು ಎಲ್ಲರೆದುರು ಹೇಳಿ ನಗುತ್ತಿದ್ದ. ಆಕೆ "ಬರೆದಿದ್ರೆ ನಿಮ್ಮನ್ನೂ ವಾಪಸ್ ಕಳಿಸ್ತಿದ್ದೆ ರೀ" ಎಂದು ಮುಖ ತಿರುಗಿಸುತ್ತಿದ್ದಳು.

ಆ ಭಯಕ್ಕೆ ಕಾರಣವೂ ಇತ್ತು. ಗಾಡಿಯಣ್ಣ ಮೊದಲು ಗಾಡಿ ಎಳೆಯುತ್ತಿರಲಿಲ್ಲ, ಹೆಗಲ ಮೇಲೆ ಹೊರುತ್ತಿದ್ದ. ಒಂದು ದಿನ ಯಾವುದೋ ಕಂಪನಿಯ ಪೆಟ್ಟಿಗೆ ಬಂತು. ನೋಡಲು ಬಿಸ್ಕತ್ತಿನ ಡಬ್ಬದಷ್ಟು, ಒಳಗೆ ಕಬ್ಬಿಣದ ಬಿಡಿಭಾಗ. ಮೇಲೆ ತೂಕ ಬರೆದಿರಲಿಲ್ಲ. ಹಗುರ ಎಂದುಕೊಂಡು ಒಮ್ಮೆಲೇ ಎತ್ತಿದ, ಸೊಂಟದಲ್ಲಿ ಏನೋ ಕಳಚಿಕೊಂಡಿತು. ನಾಲ್ಕು ತಿಂಗಳು ಹಾಸಿಗೆ. ಆಗ ಆಕೆ ಬರೀ ಚೀಟಿ ಜೋಡಿಸುವ ಕೆಲಸದವಳು. ಗಂಡನ ಬೆನ್ನಿಗೆ ಎಣ್ಣೆ ತಿಕ್ಕಿ ತಿಕ್ಕಿ ರೋಸಿಹೋಗಿ ಒಂದು ಕಾಗದದ ಮೇಲೆ ಬರೆದಳು: ಪ್ರತಿ ಪೆಟ್ಟಿಗೆಯ ಮೇಲೆ ಅಂಗೈ ಅಗಲದ ಅಕ್ಷರದಲ್ಲಿ ತೂಕ ಬರೆದಿರಬೇಕು, ಇಪ್ಪತ್ತು ಕಿಲೋ ಮೀರಬಾರದು, ಮೀರಿದರೆ ತೆಗೆದುಕೊಳ್ಳುವುದಿಲ್ಲ. ಆಗಿನ ಮ್ಯಾನೇಜರು ನಕ್ಕರು. ನಕ್ಕರೂ ಸಹಿ ಹಾಕಿದರು. ಅದು ಒಂದನೇ ನಿಯಮ.

ಅಲ್ಲಿಂದ ಆಕೆ ಹೆದರಿದಾಗಲೆಲ್ಲ ಒಂದು ನಿಯಮ ಹುಟ್ಟಿತು. ಮರದ ಪೆಟ್ಟಿಗೆಯ ಮೊಳೆ ಚುಚ್ಚಿ ಪ್ಯಾಕಿಂಗ್ ಹೆಂಗಸೊಬ್ಬಳ ಅಂಗೈ ಸೀಳಿತು; ಹೊರಚಾಚಿದ ಮೊಳೆ ಇರಕೂಡದು ಎಂಬುದು ನಾಲ್ಕನೆಯದು. ನನ್ನ ಪಾಲಿನದೂ ಒಂದಿದೆ. ಹಿಂದಕ್ಕೆ ಬರುತ್ತಿದ್ದ ಲಾರಿ ನನ್ನ ಎಡಗಾಲಿನ ಹೆಬ್ಬೆರಳ ಮೇಲೆ ಹತ್ತಿದ್ದಕ್ಕೆ, ಲಾರಿ ಹಿಂದೆ ಬರುವಾಗ ಸಪ್ಲೈಯರ್ ಕಡೆಯವನೊಬ್ಬ ಇಳಿದು ನಿಂತು ದಾರಿ ತೋರಿಸಬೇಕು ಎಂಬ ಒಂಬತ್ತನೆಯದು. ಆ ಉಗುರು ಮತ್ತೆ ಬರಲೇ ಇಲ್ಲ, ನಿಯಮ ಮಾತ್ರ ಹಾಗೇ ಇದೆ. ಹೀಗೆ ಹನ್ನೊಂದಾದವು. ಅಚ್ಚು ಹಾಕಿಸಿ ಗೇಟಿಗೆ ಅಂಟಿಸಿದರು, ಸರಕು ಕಳಿಸುವ ಪ್ರತಿ ಕಂಪನಿಗೂ ಒಂದು ಪ್ರತಿ ಹೋಯಿತು. ಓದಿ ಸಹಿ ಮಾಡಿ ಕಳಿಸಿದವರಿಂದ ಮಾತ್ರ ನಾವು ಕೊಳ್ಳುವುದು.

ಹನ್ನೆರಡನೆಯದು ಮಾತ್ರ ಹೆದರಿ ಬರೆದದ್ದಲ್ಲ.

ಹೊಸ ಮ್ಯಾನೇಜರ್ ಬಂದಿದ್ದರು. ಚುರುಕಿನ ಮನುಷ್ಯ, ಕೂತರೂ ಒಂದು ಕಾಲು ಕುಣಿಯುತ್ತಲೇ ಇರುತ್ತಿತ್ತು. ಮೊದಲ ಮೀಟಿಂಗಿನಲ್ಲೇ ಆಕೆಯ ಕಾಗದ ಹಿಡಿದು, "ಏನಮ್ಮ, ಬರೀ ಬೇಡ, ಕೂಡದು, ಇಲ್ಲ. ಕೆಲಸ ಬೇಗ ಆಗೋ ಹಾಗೆ ಒಂದಾದ್ರೂ ನಿಯಮ ಬರೀಬಾರದಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆಕೆಗೆ ಅದು ತಾಗಿತು. ಮೂರು ದಿನ ಯಾರ ಜೊತೆಗೂ ಮಾತಿಲ್ಲ. ನಾಲ್ಕನೇ ದಿನ ಬರೆದು ತಂದಳು. ಒಂದು ಆರ್ಡರಿನ ಸರಕೆಲ್ಲ ಒಂದೇ ಮರದ ಹಲಗೆಯ ಮೇಲೆ ಜೋಡಿಸಿರಬೇಕು, ಅದಕ್ಕೆ ನಾವು ಪ್ಯಾಲೆಟ್ ಅನ್ನುತ್ತೇವೆ. ಬುಡದಿಂದ ತುದಿಯವರೆಗೆ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಸುತ್ತಿರಬೇಕು. ಗೇಟಿನಲ್ಲಿ ಆ ಸುತ್ತು ಬಿಚ್ಚುವ ಹಾಗಿಲ್ಲ, ಹಾಗೇ ಒಳಗೆ ಎಳೆದುಕೊಂಡು ಹೋಗಬೇಕು. ಒಂದು ಆರ್ಡರ್, ಒಂದು ಪ್ಯಾಲೆಟ್. ಅಷ್ಟೇ.

ಕೆಲಸ ಅರ್ಧಕ್ಕರ್ಧ ಇಳಿಯಿತು. ಮುಂಚೆ ಒಂದು ಲಾರಿಗೆ ಎರಡು ತಾಸು ಹಿಡಿಯುತ್ತಿತ್ತು, ಈಗ ನಾನು ಒಂದು ಲೋಟ ಟೀ ಕುಡಿದು ಮುಗಿಸುವುದರೊಳಗೆ ಲಾರಿ ಖಾಲಿ. ಮುಂದಿನ ಮೀಟಿಂಗಿನಲ್ಲಿ ಮ್ಯಾನೇಜರು ಆಕೆಯನ್ನು ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಸಂಜೆ ಗೇಟಿನ ಹತ್ತಿರ ನಿಂತು, "ನೋಡಿದ್ರಾ ಗೇಟಣ್ಣ, ಈ ಕಟ್ಟಡದಲ್ಲಿ ನನಗೆ ಚಪ್ಪಾಳೆ ಬಿದ್ದಿದ್ದು ಇದೇ ಮೊದಲು" ಎಂದಳು. ಕೆನ್ನೆ ಕೆಂಪಗಾಗಿತ್ತು. ಗಾಡಿಯಣ್ಣ ಹಿಂದಿನಿಂದ ಬಂದು ಇನ್ನೂ ಎರಡು ಚಪ್ಪಾಳೆ ಸೇರಿಸಿದ.

ಇನ್ನು ಆ ದಿನದ್ದು.

ಬಿಸಿಲಿಗೆ ಅಂಗಳದ ಸಿಮೆಂಟು ಕಾದಿತ್ತು. ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಹೊಸ ಸಪ್ಲೈಯರಿನ ಲಾರಿ ಬಂತು. ಶುಚಿಗೊಳಿಸುವ ಸಾಮಾನಿನವರು, ಅದು ಅವರ ಮೊದಲ ಸರಕು. ಎಲ್ಲ ಅಚ್ಚುಕಟ್ಟು. ಹೊತ್ತಿಗೆ ಸರಿಯಾಗಿ ಬಂದಿದ್ದರು, ಹುಡುಕಿದರೂ ತಪ್ಪಿಲ್ಲ. ತೂಕ ಅಂಗೈ ಅಗಲ ಬರೆದಿತ್ತು, ಹಿಂದೆ ಒಬ್ಬ ಇಳಿದು ನಿಂತು ದಾರಿ ತೋರಿಸಿದ. ಒಂದೇ ಒಂದು ಪ್ಯಾಲೆಟ್, ನನ್ನೆತ್ತರ, ಸುತ್ತಲೂ ಪ್ಲಾಸ್ಟಿಕ್ ಮಿರಮಿರ. ಮಹಡಿಯ ಕಿಟಕಿಯಿಂದ ಆಕೆ ಬಗ್ಗಿ ನೋಡಿ, "ಎಲ್ಲರೂ ಇವರ ಹಾಗೆ ಕಳಿಸಿದ್ರೆ ನನಗೆ ಕೆಲಸವೇ ಇರಲ್ಲ" ಎಂದು ಖುಷಿಯಾಗಿ ಕೂಗಿದಳು.

ಲಾರಿಯ ಹಿಂಬಾಗಿಲು ತೆರೆದಾಗ ನನ್ನ ಮೂಗಿಗೆ ಏನೋ ಚುರುಕ್ ಎಂದಿತ್ತು. ಶುಚಿಯ ಸಾಮಾನಲ್ಲವೇ, ವಾಸನೆ ಇದ್ದೇ ಇರುತ್ತದೆ ಎಂದುಕೊಂಡು ಸರಿ ಎಂದು ಗುರುತು ಹಾಕಿದೆ. ಸುತ್ತು ಬಿಚ್ಚಿ ನೋಡೋಣವೇ ಎಂದು ಒಂದು ಗಳಿಗೆ ಅನಿಸಿದ್ದು ನಿಜ. ಗೇಟಿನಲ್ಲಿ ಬಿಚ್ಚಕೂಡದು ಎಂದು ನನ್ನ ತಲೆಯ ಮೇಲೇ ಅಂಟಿಸಿತ್ತಲ್ಲ, ಸುಮ್ಮನಾದೆ. ಈ ಮಾತನ್ನು ನಾನು ಆಮೇಲೆ ಎಲ್ಲರಿಗೂ ಹೇಳಿದ್ದೇನೆ, ಮುಚ್ಚಿಟ್ಟಿಲ್ಲ. ಹೇಳಿದರೂ ಎದೆಯ ಭಾರ ಇಳಿದಿಲ್ಲ.

ಗಾಡಿಯಣ್ಣ ಪ್ಯಾಲೆಟ್ಟನ್ನು ಎಳೆದುಕೊಂಡು ದೊಡ್ಡ ಹಾಲ್ ದಾಟಿ ದ್ರವ ಪದಾರ್ಥದ ಕೋಣೆಗೆ ಹೋದ. ಕಿಟಕಿ ಇಲ್ಲದ ಕೋಣೆ. ಒಂದು ಬಾಗಿಲು ಹಾಲ್ ಕಡೆಗೆ, ಅಲ್ಲಿ ಮೂವತ್ತು ಹೆಂಗಸರು ಸಾಲಾಗಿ ಕೂತು ಪ್ಯಾಕಿಂಗ್ ಮಾಡುತ್ತಾರೆ. ಇನ್ನೊಂದು ತುದಿಯಲ್ಲಿ ಹಿತ್ತಲ ಅಂಗಳಕ್ಕೆ ತೆರೆಯುವ ಕಬ್ಬಿಣದ ಶಟರ್. ಅದಕ್ಕೆ ಹೊರಗಿನಿಂದ ಬೀಗ, ಬೀಗದ ಕೈ ನನ್ನ ಗೊಂಚಲಲ್ಲಿ. ಶಟರ್ ತೆಗೆದು ವರ್ಷವಾಗಿತ್ತೇನೋ. ಹಾಲ್ ಕಡೆಯ ಬಾಗಿಲು ಹಾಲಿನೊಳಕ್ಕೆ ತೆರೆದು ತಾನಾಗೇ ಮುಚ್ಚಿಕೊಳ್ಳುವಂಥದ್ದು. ಗಾಡಿಯಣ್ಣ ಪ್ಯಾಲೆಟ್ಟನ್ನು ಆ ಬಾಗಿಲ ಒಳಗೇ ಇಳಿಸಿ, ಆಚೆ ಬದಿಗೆ ಹೋಗಿ, ಚಾಕು ತೆಗೆದು ಸುತ್ತು ಕುಯ್ಯಲು ಶುರುಮಾಡಿದ. ಇದು ನಮಗೆ ಆಮೇಲೆ ತಿಳಿದದ್ದು.

ಅದೇ ಹೊತ್ತಿಗೆ ಮಹಡಿಯಲ್ಲಿ ಆಕೆ ಊಟದ ಡಬ್ಬಿ ಬಿಚ್ಚಿಟ್ಟುಕೊಂಡು ಸರಕಿನ ಚೀಟಿ ನೋಡುತ್ತಿದ್ದಳು. ಓದದೆ ಬಿಡುವ ಜಾತಿಯಲ್ಲವಲ್ಲ. ಮೊದಲ ಸಾಲು: ಬಟ್ಟೆಗೆ ಹಾಕುವ ಬ್ಲೀಚ್ ದ್ರವ, ನಲವತ್ತು ಕ್ಯಾನು. ಎರಡನೇ ಸಾಲು: ಶೌಚಾಲಯ ತೊಳೆಯುವ ಆಸಿಡ್, ಅರವತ್ತು ಬಾಟಲಿ. ಮೂರನೇ ಸಾಲು: ಪ್ಯಾಲೆಟ್, ಒಂದು.

ಆ ಬಾಟಲಿಗಳ ಬೆನ್ನ ಮೇಲಿನ ಸಣ್ಣ ಅಕ್ಷರವನ್ನು ನಮ್ಮ ಗೋದಾಮಿನಲ್ಲಿ ಓದಿದವಳು ಆಕೆ ಒಬ್ಬಳೇ. ಇದನ್ನು ಅದರ ಜೊತೆ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ ಎಂದು ಎರಡರ ಮೇಲೂ ಬರೆದಿರುತ್ತದೆ. ಮನೆಯಲ್ಲೂ ಒಂದನ್ನು ಬಚ್ಚಲಲ್ಲಿ, ಇನ್ನೊಂದನ್ನು ಅಟ್ಟದ ಮೇಲೆ ಇಡುವವಳು. ಹಾಗೆ ಬೇರೆ ಬೇರೆ ಇಡುವವಳೇ ಎರಡನ್ನೂ ಒಂದೇ ಸುತ್ತಿನೊಳಗೆ ಬಿಗಿದು ಕಳಿಸಿ ಎಂದು ಬರೆದಿದ್ದಳು. ಸಪ್ಲೈಯರು ಓದಿ, ಸಹಿ ಹಾಕಿ, ಹೇಳಿದಂತೆ ಮಾಡಿದ್ದರು.

ಮೆಟ್ಟಿಲ ಮೇಲೆ ದಡದಡ ಸದ್ದು ಕೇಳಿ ನಾನು ಕುರ್ಚಿಯಿಂದ ಎದ್ದೆ. ಆಕೆ ಬರಿಗಾಲಲ್ಲಿ ಓಡಿ ಬರುತ್ತಿದ್ದಳು, ಕೈಗೆ ಅನ್ನ ಮೆತ್ತಿಕೊಂಡಿತ್ತು. "ಆ ಪ್ಯಾಲೆಟ್ ಎಲ್ಲಿ? ಎಲ್ಲಿ ಹೋಯ್ತು ಅದು?" ಎಂದಳು. ಒಳಗೆ ಹೋಯಿತಲ್ಲ ಅಮ್ಮ, ಗಾಡಿಯಣ್ಣ ಎಳ್ಕೊಂಡು ಹೋದ್ರು ಎಂದೆ. ಆಕೆಯ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ನನಗೆ ಏನು ಎತ್ತ ಒಂದೂ ತಿಳಿಯದಿದ್ದರೂ ಆ ಮುಖ ನೋಡಿ ಹಿಂದೆಯೇ ಓಡಿದೆ.

ಹಾಲಿನಲ್ಲಿ ಹೆಂಗಸರು ಎದ್ದು ನಿಂತಿದ್ದರು. ಕೆಲವರು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು. ದ್ರವದ ಕೋಣೆಯ ಬಾಗಿಲ ಕೆಳಗಿನ ಸಂದಿಯಿಂದ ನನ್ನ ಮೂಗಿಗೆ ಆಗಲೇ ಸಿಕ್ಕಿದ್ದ ವಾಸನೆ ಬರುತ್ತಿತ್ತು, ಹತ್ತು ಪಟ್ಟು ಜೋರಾಗಿ. ಕಣ್ಣು ಉರಿಯತೊಡಗಿತು. ಒಳಗಿನಿಂದ ಕೆಮ್ಮು. ಉಸಿರು ಸಿಗದವನ ಕೆಮ್ಮು ಹೇಗಿರುತ್ತದೆಂದು ನನಗೆ ಅವತ್ತು ಗೊತ್ತಾಯಿತು. ನಡುವೆ ಗೋಡೆಗೆ ಮರದ ತುಂಡಿನಿಂದ ಬಡಿಯುವ ಸದ್ದು. "ಬಾಗಿಲು... ಬಾಗಿಲು ತೆಗೀರೋ!"

ಗಾಡಿಯಣ್ಣನ ದನಿಯೇ. ಲಾರಿಯಲ್ಲೇ ಒಂದು ಬ್ಲೀಚ್ ಕ್ಯಾನು ಒಡೆದು ಕೆಳಗೆ ಬಿರುಕು ಬಿಟ್ಟಿದ್ದ ಆಸಿಡ್ ಬಾಟಲಿಗಳ ಮೇಲೆ ಸೋರಿತ್ತು. ಬಿಗಿದ ಪ್ಲಾಸ್ಟಿಕ್ಕಿನೊಳಗೆ ಬಿಸಿಲಿಗೆ ಅದು ಬೆಂದು, ಅವನು ಸುತ್ತು ಕುಯ್ದ ಕೂಡಲೇ ಪೆಟ್ಟಿಗೆಗಳೆಲ್ಲ ಕುಸಿದು ಬಾಗಿಲಿಗೆ ಅಡ್ಡ ಬಿದ್ದಿದ್ದವು. ಅವನು ಆಚೆ ಬದಿಯಲ್ಲಿ, ಬಾಗಿಲು ಈಚೆ ಬದಿಯಲ್ಲಿ, ನಡುವೆ ಕುದಿಯುತ್ತಿರುವ ವಿಷ. ಲಾರಿಯಿಂದ ಸರಕು ಇಳಿಸುವ ಇಬ್ಬರು ಬಾಗಿಲಿಗೆ ನುಗ್ಗಿದರು. ನಾನು? ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಕಾಲು ತಾನಾಗೇ ಹಿಂದೆ ಹೋಯಿತು. ಇಷ್ಟು ವರ್ಷ ಒಂದೇ ಡಬ್ಬಿಯಲ್ಲಿ ಉಂಡ ಗೆಳೆಯ ಅವನು.

ಆಕೆ ಆ ಇಬ್ಬರ ಮುಂದೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಯಾರೂ ತೆಗೀಬೇಡಿ!"

ಅಂಥ ದನಿ ಆಕೆಯ ಗಂಟಲಿನಲ್ಲಿದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. "ಏನಮ್ಮ, ಅಣ್ಣ ಒಳಗಿದ್ದಾರೆ!" ಎಂದು ಒಬ್ಬ ಅವಳ ತೋಳು ಹಿಡಿದು ಎಳೆಯಲು ಹೋದ. "ಗೊತ್ತು ಕಣೋ! ತೆಗೆದ್ರೆ ಇಡೀ ಹಾಲಿಗೆ ಬರುತ್ತೆ. ನೀನು ಒಳಗೆ ಹೋದ್ರೆ ನೀನೂ ಬೀಳ್ತೀಯ, ನಿನ್ನನ್ನ ಎತ್ತೋಕೆ ಹೋದವನೂ ಬೀಳ್ತಾನೆ. ಬಾಗಿಲು ತೆಗೀಬಾರದು! ಮೊದಲು ಇವರನ್ನೆಲ್ಲ ಹೊರಗೆ ಕಳಿಸಿ. ಗೇಟಣ್ಣ, ಹಿಂದಿನ ಶಟರ್! ಓಡಿ!"

ಆಗ ಒಳಗಿನ ಬಡಿತ ನಿಂತಿತು.

ತಟ್ಟನೆ ನಿಂತುಬಿಟ್ಟಿತು. ಕೂಗು ಇಲ್ಲ, ಬಡಿತ ಇಲ್ಲ. ನಾನು ಓಡುವ ಮೊದಲು ಒಂದೇ ಸಲ ತಿರುಗಿ ನೋಡಿದೆ. ಆಕೆ ಕಿವಿಯನ್ನು ಬಾಗಿಲಿಗೆ ಒತ್ತಿದ್ದಳು. ಕೈ ಬಾಗಿಲ ಹಿಡಿಯ ಮೇಲಿತ್ತು. ಬೇರೆ ಯಾರೂ ತೆಗೆಯದಿರಲಿ ಎಂದು ಹಿಡಿದಿದ್ದಾಳೆ ಅಂದುಕೊಂಡೆ.

ಕಟ್ಟಡ ಸುತ್ತಿ ಹಿತ್ತಲಿಗೆ ಹೋಗುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಗೊಂಚಲಿನಲ್ಲಿ ಇಪ್ಪತ್ತಮೂರು ಕೀ. ಹದಿನಾರು ವರ್ಷ ಕಣ್ಣು ಮುಚ್ಚಿಕೊಂಡು ಆರಿಸುತ್ತಿದ್ದವನಿಗೆ ಅವತ್ತು ಒಂದೂ ಗುರುತು ಸಿಗಲಿಲ್ಲ. ಸಿಕ್ಕಿತು, ಬೀಗ ತುಕ್ಕು ಹಿಡಿದಿತ್ತು. ಕೀ ಎರಡು ಸಲ ಕೆಳಗೆ ಬಿತ್ತು. ಇಳಿಸುವವರಿಬ್ಬರೂ ಬಂದರು, ಒಬ್ಬ ಕಲ್ಲು ತಂದು ಬೀಗಕ್ಕೆ ಕುಟ್ಟಿದ. ಒಳಗಿನಿಂದ ಸದ್ದೇ ಇಲ್ಲ. ಮಾತಾಡು ಮಾರಾಯ, ಒಂದು ಸಲ ಕೆಮ್ಮಾದರೂ ಕೆಮ್ಮು ಎಂದು ನಾನು ಶಟರಿಗೆ ಬಾಯಿ ಹಚ್ಚಿ ಬೇಡಿಕೊಂಡೆ. ಬೀಗ ಕಿತ್ತು ಬಂತು. ಮೂವರೂ ಸೇರಿ ಶಟರ್ ಎತ್ತಿದೆವು. ಅದು ಅರ್ಧಕ್ಕೆ ಸಿಕ್ಕಿಕೊಂಡಿತು, ಕೆಳಗಿನಿಂದ ಹಳದಿ ಹಸಿರು ಹೊಗೆ ನೆಲಕ್ಕೆ ಹರಡಿಕೊಂಡು ಹೊರಗೆ ಹರಿಯಿತು. ನಾವು ಕೆಮ್ಮುತ್ತ ದೂರ ಓಡಿದೆವು, ಗಾಳಿ ಆಡಲಿ ಎಂದು ಕಾದೆವು. ಎಷ್ಟು ಹೊತ್ತು ಕಾದೆವು ಎಂದು ಪೊಲೀಸರು ಆಮೇಲೆ ಕೇಳಿದರು. ಹೇಳಲಾಗಲಿಲ್ಲ.

ಅವನು ಶಟರಿನ ಹತ್ತಿರವೇ ಇದ್ದ. ರಟ್ಟಿನ ಪೆಟ್ಟಿಗೆಗಳ ರಾಶಿ ಹತ್ತಿ, ಛಾವಣಿಗೆ ತಲೆ ತಾಗುವಷ್ಟು ಎತ್ತರದಲ್ಲಿ ಮುದುಡಿಕೊಂಡಿದ್ದ. ಅಂಗಿ ಬಿಚ್ಚಿ ಬಾಯಿಗೆ ಸುತ್ತಿಕೊಂಡಿದ್ದ. ಕಣ್ಣು ತೆರೆದಿತ್ತು, ನೋಟ ಇರಲಿಲ್ಲ. ಉಸಿರು ಬಿಗಿಹಿಡಿದು ಇಬ್ಬರು ಒಳಗೆ ಹೋಗಿ ಕಾಲು ಹಿಡಿದು ಎಳೆದು ತಂದರು. ಹೆಣ ಎಂದೇ ನಾನು ಅಂದುಕೊಂಡೆ. ಅಂಗಳದಲ್ಲಿ ಮಲಗಿಸಿದಾಗ ಎದೆಯೊಳಗಿಂದ ಒಂದು ಸಣ್ಣ ಕಿರಿಕಿರಿ ಸದ್ದು ಬಂತು.

ಆಸ್ಪತ್ರೆಯಲ್ಲಿ ಅವನನ್ನು ಗಾಜಿನ ಆಚೆ ಇಟ್ಟರು, ಮೂಗು ಬಾಯಿಗೆಲ್ಲ ಕೊಳವೆ. ಮಾತಿಲ್ಲ. ಹೇಳಲಾಗದು ಎಂದರು ಡಾಕ್ಟರು. ಅವರ ಹೇಳಲಾಗದು ಎನ್ನುವ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಎರಡನೇ ದಿನ ಮ್ಯಾನೇಜರು ಬಂದು ಹೊರಗಿನ ಬೆಂಚಿನಲ್ಲಿ ಆಕೆಯ ಪಕ್ಕ ಕೂತರು. ಕಾಲು ಕುಣಿಯುತ್ತಿತ್ತು. "ಸಪ್ಲೈಯರದ್ದೇ ತಪ್ಪು ಅಂತ ಬರೆದುಕೊಡಿ ಅಮ್ಮ, ಕಂಪನಿ ನಿಮ್ಮ ಜೊತೆಗಿರುತ್ತೆ" ಎಂದರು. ಆಕೆ ತಲೆ ಎತ್ತದೆ, "ಅವರು ನಾನು ಹೇಳಿದ್ದನ್ನೇ ಮಾಡಿದ್ದಾರೆ ಸರ್. ತಪ್ಪು ನಂದು, ಹಾಗಂತಲೇ ಬರ್ಕೊಳ್ಳಿ" ಎಂದಳು. ಹಿಂದೆ ಮ್ಯಾನೇಜರು ಕರೆದರೆ ಸಾಕು ಬೆವರುತ್ತಿದ್ದವಳು. ಈಗ ಆ ಭಯಕ್ಕೆ ಒಳಗೆ ಜಾಗವೇ ಉಳಿದಿರಲಿಲ್ಲ. ಇದ್ದದ್ದು ಒಂದೇ ಭಯ.

ಸಂಜೆ ಕೆಲಸ ಮುಗಿಸಿ ನಾನು ಹೋದಾಗಲೆಲ್ಲ ಆಕೆ ಅದನ್ನೇ ಕೇಳುವಳು. "ಗೇಟಣ್ಣ, ಅವರಿಗೆ ಕೇಳಿಸಿರುತ್ತಾ?"

"ಏನು?"

"ನಾನು ತೆಗೀಬೇಡಿ ಅಂದಿದ್ದು. ಅಂದ ತಕ್ಷಣ ಬಡಿಯೋದು ನಿಂತ್ಹೋಯ್ತಲ್ಲ. ನನ್ನ ಹೆಂಡ್ತೀನೇ ಬೇಡ ಅಂದ್ಲು ಅಂತ ಸುಮ್ಮನಾಗಿಬಿಟ್ರಾ? ಶಟರ್ ತೆಗೀತಾ ಇದೀವಿ, ತಡ್ಕೊಳ್ಳಿ ಅಂತ ಒಂದು ಮಾತು ನಾನು ಅವರಿಗೆ ಕೂಗಿ ಹೇಳ್ಲಿಲ್ಲ. ಹೊಳೀಲೇ ಇಲ್ಲ ನೋಡಿ. ಎಲ್ಲರಿಗೂ ಏನೇನೋ ಹೇಳ್ದೆ. ಅವರಿಗೆ ಏನೂ ಹೇಳ್ಲಿಲ್ಲ."

"ಎಲ್ಲಿ ಕೇಳಿಸುತ್ತೆ ಅಮ್ಮ, ಅಷ್ಟು ದಪ್ಪ ಬಾಗಿಲು" ಎಂದು ನಾನು ಪ್ರತಿ ಸಲವೂ ಸುಳ್ಳು ಹೇಳಿದೆ. ಅವನ ಕೆಮ್ಮು ನಮಗೆ ಅಷ್ಟು ಚೆನ್ನಾಗಿ ಕೇಳಿಸಿದ ಮೇಲೆ ನಮ್ಮ ಮಾತು ಅವನಿಗೆ ಕೇಳಿಸದೆ ಇರುತ್ತದೆಯೇ? ಆಕೆಯೂ ನಂಬಲಿಲ್ಲ. ಗಂಡ ಉಳಿಯಲಿ ಎಂದು ಎಷ್ಟು ಹಂಬಲಿಸುತ್ತಿದ್ದಳೋ, ಉಳಿದು ಬಾಯಿ ಬಿಟ್ಟರೆ ಮೊದಲು ಏನು ಹೇಳುತ್ತಾನೋ ಎಂದು ಅಷ್ಟೇ ನಡುಗುತ್ತಿದ್ದಳು. ಗಾಜಿನ ಹತ್ತಿರ ನಿಂತಾಗ ಅವನು ಕಣ್ಣು ತೆರೆದರೆ ಪಕ್ಕಕ್ಕೆ ಸರಿದುಬಿಡುತ್ತಿದ್ದಳು. ಅದನ್ನು ನಾನೇ ಕಂಡಿದ್ದೇನೆ.

ಒಂಬತ್ತನೇ ದಿನ ಕೊಳವೆ ತೆಗೆದರು. ಎರಡು ಮಾತು ಆಡಿಸಬಹುದು, ಜಾಸ್ತಿ ಬೇಡ ಎಂದರು. ಆಕೆ ಒಬ್ಬಳೇ ಹೋಗಲಾರೆ ಎಂದಳು, ನನ್ನನ್ನೂ ಎಳೆದುಕೊಂಡು ಒಳಗೆ ಹೋದಳು. ಗಾಡಿಯಣ್ಣ ಅರ್ಧ ಇಳಿದುಹೋಗಿದ್ದ. ತುಟಿ ಸುಲಿದಿತ್ತು. ನಮ್ಮಿಬ್ಬರನ್ನೂ ನೋಡಿ ನಗಲು ಹೋಗಿ ಕೆಮ್ಮಿದ.

ಆಕೆ ಮಂಚದ ಕಂಬಿ ಹಿಡಿದು ನಿಂತಳು. ಕುಶಲ ಕೇಳಲಿಲ್ಲ, ಏನಿಲ್ಲ. ಒಂಬತ್ತು ದಿನ ನುಂಗಿಕೊಂಡದ್ದು ಒಮ್ಮೆಲೇ ಬಂತು. "ಬಡಿಯೋದು ಯಾಕೆ ನಿಲ್ಲಿಸಿದ್ರಿ?"

ಅವನು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ. "ನೀನು ತೆಗೀಬೇಡಿ ಅಂದಿದ್ದು ಕೇಳಿಸ್ತು."

ನಾನು ನೆಲ ನೋಡಿದೆ. ಆಕೆಯ ಕಡೆ ನೋಡುವ ಧೈರ್ಯ ನನಗಿರಲಿಲ್ಲ.

"ಅಲ್ಲೀವರೆಗೂ ಒಂದೇ ಹೆದರಿಕೆ ಕಣೇ," ಎಂದ. ದನಿ ಮರಳಿನಲ್ಲಿ ತಿಕ್ಕಿದ ಹಾಗಿತ್ತು, ಮಾತಿಗೊಮ್ಮೆ ನಿಲ್ಲುತ್ತಿದ್ದ. "ನಾನು ಬಡಿದಿದ್ದು ಹುಡುಗ್ರು ಬರ್ಲಿ ಅಂತ. ಅಷ್ಟರಲ್ಲಿ ನಿನ್ನ ದನಿ ಕೇಳ್ತು. ಅಯ್ಯೋ, ಇವಳು ಬಾಗಿಲು ತೆಕ್ಕೊಂಡು ನುಗ್ಗಿಬಿಡ್ತಾಳೆ ಅಂತ ಪ್ರಾಣವೇ ಹೋಯ್ತು. ಆಮೇಲೆ ತೆಗೀಬೇಡಿ ಅಂದೆ ನೋಡು... ಸದ್ಯ ಅಂದ್ಕೊಂಡೆ. ಇನ್ನೂ ಬಡಿದ್ರೆ ಎಲ್ಲಿ ನಿನ್ನ ಮನಸ್ಸು ಬದಲಾಗುತ್ತೋ ಅಂತ ಆ ಮರದ ತುಂಡು ಕೆಳಗಿಟ್ಟೆ."

ನರ್ಸ್ ಬಾಗಿಲಲ್ಲಿ ಬಂದು ಸಾಕು ಎಂದು ಸನ್ನೆ ಮಾಡಿದಳು.

"ಬದಲಾಗಿತ್ತು ರೀ," ಎಂದಳು ಆಕೆ. "ಕೈ ಬಾಗಿಲ ಹಿಡಿಯ ಮೇಲೇ ಇತ್ತು. ಇನ್ನೊಂದೇ ಒಂದು ಸಲ ಬಡಿದಿದ್ರೆ ತೆಗೆದುಬಿಡ್ತಿದ್ದೆ."

ಗಾಡಿಯಣ್ಣ ಕಣ್ಣು ಮುಚ್ಚಿಕೊಂಡ. "ಗೊತ್ತು," ಎಂದ.